ಡಿಶ್ ಹಾಕಿಸುವ ಮೊದಲು ಆಕಾಶ ಅಳೆದದ್ದು

ಶಿರಸಿ, ಸಿದ್ದಾಪುರ ಕಡೆಯ ತೋಟದ ಮನೆಗಳಲ್ಲಿ ಟಿ.ವಿ. ಹೆಚ್ಚು ಓಡುವುದು ಮಳೆಗಾಲದಲ್ಲಿ. ಚಳಿಗಾಲ ಪೂರ್ತಿ ಅಡಿಕೆ ಕೊಯ್ಲು, ಸುಲಿಯುವುದು, ಬೇಯಿಸುವುದು, ಒಣಗಿಸುವುದರಲ್ಲೇ ಹೋಗುತ್ತದೆ. ಬೇಸಿಗೆ ಬಂದರೆ ಮದುವೆ, ಉಪನಯನ, ಬಯಲಾಟ. ಜೂನ್ ಹಿಡಿದು ಹಳ್ಳ ತುಂಬಿ, ಐದು ಗಂಟೆಗೇ ಕತ್ತಲು ಕವಿಯತೊಡಗಿದ ಮೇಲೆ ಮನೆಯವರೆಲ್ಲ ಜಗಲಿ ಸೇರುತ್ತಾರೆ. ಡಿಶ್ ಸಿಗ್ನಲ್ ಕೈಕೊಡುವುದೂ ಸರಿಯಾಗಿ ಅದೇ ಹೊತ್ತಿಗೆ. ಹಾಗಾಗಿ ಹೊಸ ಸಂಪರ್ಕ ತೆಗೆದುಕೊಳ್ಳುವಾಗ ನಾನು ಎಲ್ಲರಲ್ಲೂ ಕೇಳಿದ್ದು ಎರಡೇ ಪ್ರಶ್ನೆ. ಆಷಾಢದ ಮಳೆಯಲ್ಲಿ ಯಾವುದು ಕಾಣುತ್ತದೆ, ಕಾಣದೇ ಹೋದರೆ ರಿಪೇರಿಗೆ ಯಾರು ಬರುತ್ತಾರೆ?

ನಮ್ಮ ಮನೆಯವರೆಗೆ ಕೇಬಲ್ ಬಂದಿಲ್ಲ, ನಡುವೆ ಕಾಡಿದೆ. ಫೈಬರ್ ಇಂಟರ್ನೆಟ್ ಬಂದಿದೆ. ಆದರೆ ಗಾಳಿಗೆ ಮರ ಮುರಿದು ತಂತಿಯ ಮೇಲೆ ಬಿದ್ದರೆ ಅದನ್ನು ಜೋಡಿಸುವುದು ಮಳೆ ಹೊಳವಾದ ಮೇಲೆಯೇ. ಹಳೆಯ ಡಿಶ್‌ನ ಬಾಕ್ಸು ಏಪ್ರಿಲ್ ಕೊನೆಯ ಸಿಡಿಲಿಗೆ ಸುಟ್ಟುಹೋಗಿತ್ತು. ಮಳೆಗಾಲ ಹಿಡಿಯುವುದರೊಳಗೆ ಹೊಸದು ಆಗಬೇಕಿತ್ತು. ಆಯಿಗೆ ಎಂಬತ್ತು ದಾಟಿದೆ, ಮಂಡಿನೋವು. ಮಳೆ ಹಿಡಿದ ಮೇಲೆ ಅವಳು ಜಗಲಿ ಬಿಟ್ಟು ಇಳಿಯುವುದಿಲ್ಲ. ಸಂಜೆಯ ಧಾರಾವಾಹಿ, ರಾತ್ರಿಯ ವಾರ್ತೆ, ಯಾವಾಗಲಾದರೂ ಬರುವ ಯಕ್ಷಗಾನ, ಇಷ್ಟು ಅವಳಿಗೆ ಬೇಕು. ನಾನು ಕಂಪನಿಗಳ ಹೆಸರು ಹೇಳುತ್ತಾ ಕೂತರೆ ಅವಳು ಒಂದೇ ಮಾತು ಹೇಳಿದಳು: "ಮಳೆ ಬಂದಾಗ ಕಾಣ್ತಿಲ್ಲೆ ಹೇಳಾದ್ರೆ ಎಂತಕ್ಕೆ ತಮಾ ಅದು? ಬೇಸಿಗೇಲಿ ನೋಡಲೆ ಯಾರಿಗೆ ಪುರಸೊತ್ತಿದ್ದು?"

ಈ ಮಾತನ್ನೇ ಹಿಡಿದುಕೊಂಡು ಹೊರಟೆ.

ಮನೆಮನೆಯ ಡಿಶ್‌ಗೆ ಸಿಗ್ನಲ್ ಬರುವುದು ಕೆಯು ಬ್ಯಾಂಡ್‌ನಲ್ಲಿ, ಅಂದಾಜು 11ರಿಂದ 12 ಗಿಗಾಹರ್ಟ್ಸ್ ಆವರ್ತನದಲ್ಲಿ. ಆ ಅಲೆಗಳ ಉದ್ದ ಎರಡೂವರೆ ಸೆಂಟಿಮೀಟರ್ ಆಸುಪಾಸು. ದಪ್ಪ ಹನಿಯ ಮಳೆ ಆ ಶಕ್ತಿಯನ್ನು ಹೀರಿಕೊಳ್ಳುತ್ತದೆ, ಚದುರಿಸುತ್ತದೆ. ಮೊದಲು ಊರಿಗೊಂದರಂತೆ ಇದ್ದ ಎಂಟು ಅಡಿಯ ಜಾಲರಿ ಡಿಶ್‌ಗಳು 4 ಗಿಗಾಹರ್ಟ್ಸ್ ಆಸುಪಾಸಿನ ಸಿ ಬ್ಯಾಂಡ್ ಹಿಡಿಯುತ್ತಿದ್ದವು, ಅವುಗಳಿಗೆ ಮಳೆಯ ತೊಂದರೆ ಅಷ್ಟಿರಲಿಲ್ಲ. ಈಗಿನ ಡಿಶ್ ಚಿಕ್ಕದಾಗಿದ್ದು, ಅಗ್ಗವಾಗಿದ್ದು ಆವರ್ತನ ಮೇಲೆ ಹೋದದ್ದರಿಂದ. ಅದಕ್ಕೆ ಕೊಟ್ಟ ಬೆಲೆ ಮಳೆಗಾಲದಲ್ಲಿ ಗೊತ್ತಾಗುತ್ತದೆ. ವರ್ಷಕ್ಕೆ 2,000 ಮಿಲಿಮೀಟರ್ ದಾಟಿ ಮಳೆ ಸುರಿಯುವ ಸೀಮೆಯಲ್ಲಿ ಕೂತು ಇದನ್ನು ಲೆಕ್ಕಕ್ಕೆ ಹಿಡಿಯದೆ ಡಿಶ್ ಕೊಳ್ಳುವುದು ಸರಿಯಲ್ಲ.

ಎಲ್ಲ ಕಂಪನಿಗೂ ಮಳೆ ಒಂದೇ, ಹಾಗಿದ್ದ ಮೇಲೆ ಯಾವುದಾದರೇನು ಎಂದು ಕೇಳುವವರಿದ್ದಾರೆ. ಮಳೆ ಒಂದೇ ಇರಬಹುದು, ಉಪಗ್ರಹ ಒಂದೇ ಅಲ್ಲ. ಒಂದೊಂದು ಕಂಪನಿಯದು ಒಂದೊಂದು ಜಾಗದಲ್ಲಿ, ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ನಿಂತಿರುತ್ತದೆ. ಟಾಟಾ ಪ್ಲೇ 83 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಅದಕ್ಕಾಗಿಯೇ ಕಟ್ಟಿದ ಜಿಸ್ಯಾಟ್-24 ಉಪಗ್ರಹ 2022ರ ಜೂನ್‌ನಲ್ಲಿ ಹಾರಿತು. ಡಿ2ಎಚ್ 88 ಡಿಗ್ರಿ. ದೂರದರ್ಶನದ ಡಿಡಿ ಫ್ರೀ ಡಿಶ್ 93.5 ಡಿಗ್ರಿಯ ಜಿಸ್ಯಾಟ್-15ರಿಂದ ಬರುತ್ತದೆ. ಡಿಶ್ ಟಿ.ವಿ. 95, ಏರ್‌ಟೆಲ್ 108.2. ಇಸ್ರೋದ ಇಂಥ ಉಪಗ್ರಹಗಳನ್ನು ಅವುಗಳ ಜಾಗದಲ್ಲೇ ಹಿಡಿದು ನಿಲ್ಲಿಸುವ ನಿಯಂತ್ರಣ ಕೇಂದ್ರ ನಮ್ಮ ಹಾಸನದಲ್ಲೇ ಇದೆ.

ಶಿರಸಿ ಇರುವುದು 74.8 ಡಿಗ್ರಿ ರೇಖಾಂಶದ ಹತ್ತಿರ. ಇಲ್ಲಿ ನಿಂತು ನೋಡಿದರೆ 83ರ ಉಪಗ್ರಹ ದಕ್ಷಿಣಕ್ಕೆ ತುಸು ಪೂರ್ವ ವಾಲಿ, ನೆಲದಿಂದ ಸುಮಾರು 70 ಡಿಗ್ರಿ ಎತ್ತರದಲ್ಲಿ ಸಿಗುತ್ತದೆ. 88ರದು 67 ಡಿಗ್ರಿ. 93.5ರದು ಸರಿಸುಮಾರು ಆಗ್ನೇಯಕ್ಕೆ, 62 ಡಿಗ್ರಿ. 108.2ರದು ಇನ್ನೂ ಪೂರ್ವಕ್ಕೆ ಸರಿದು 48 ಡಿಗ್ರಿಗೆ ಇಳಿಯುತ್ತದೆ. ಬಯಲುಸೀಮೆಯಲ್ಲಿ ಈ ವ್ಯತ್ಯಾಸ ಯಾರಿಗೂ ತಾಗುವುದಿಲ್ಲ. ಮೂರು ಕಡೆ ಬೆಟ್ಟ, ಮನೆಯ ಸುತ್ತ ಹಲಸು, ಮಾವು, ಮತ್ತಿ ಇರುವ ನಮ್ಮಂಥವರಿಗೆ ಇದೇ ದೊಡ್ಡ ಸಂಗತಿ. ಇನ್ನೊಂದು ಮಾತೂ ಇದೆ. ಸಿಗ್ನಲ್ ಎಷ್ಟು ಓರೆಯಾಗಿ ಬರುತ್ತದೋ ಅಷ್ಟು ಹೆಚ್ಚು ದೂರ ಅದು ಮಳೆಯೊಳಗೆ ಹಾಯಬೇಕು. 70 ಡಿಗ್ರಿಯಿಂದ ಬರುವುದಕ್ಕೆ ಹೋಲಿಸಿದರೆ 48 ಡಿಗ್ರಿಯಿಂದ ಬರುವುದು ಕಾಲು ಪಾಲು ಹೆಚ್ಚು ದೂರ ಮಳೆಯಲ್ಲಿ ನೆನೆಯುತ್ತದೆ.

ಒಂದು ಭಾನುವಾರ ಮಗಳೂ ನಾನೂ ಅಂಗಳದಲ್ಲಿ ಆಕಾಶ ಅಳೆದೆವು. ಅವಳ ಕಂಪಾಸ್ ಪೆಟ್ಟಿಗೆಯ ಕೋನಮಾಪಕಕ್ಕೆ ನಡುವಿನ ತೂತಿನಲ್ಲಿ ದಾರ ಕಟ್ಟಿ, ದಾರದ ತುದಿಗೆ ಒಂದು ಒಣ ಅಡಿಕೆ ಕಟ್ಟಿದೆವು. ಕೋನಮಾಪಕದ ನೇರ ಅಂಚಿನ ಗುಂಟ ಕಣ್ಣಿಟ್ಟು ಮರದ ತುದಿ ನೋಡಿದರೆ ದಾರ ಎಲ್ಲಿ ನಿಲ್ಲುತ್ತದೋ ಅದರಿಂದ ಎತ್ತರ ತಿಳಿಯುತ್ತದೆ. 90ರ ಗೆರೆಯಿಂದ ದಾರ ಎಷ್ಟು ಸರಿಯಿತೋ ಅಷ್ಟು ಡಿಗ್ರಿ. ದಿಕ್ಕಿಗೆ ಮೊಬೈಲಿನ ದಿಕ್ಸೂಚಿ. ನಾನು ಕಣ್ಣಿಡುವುದು, ಅವಳು ದಾರ ಓದುವುದು, ಲೆಕ್ಕ ಕ್ಯಾಲೆಂಡರಿನ ಹಿಂಬದಿಗೆ ಬರೆಯುವುದು. ಪೂರ್ವಕ್ಕಿರುವ ಹಲಸಿನ ಮರದ ನೆತ್ತಿ 56 ಡಿಗ್ರಿಯವರೆಗೆ ಆಕಾಶ ಮುಚ್ಚಿತ್ತು. ಆಗ್ನೇಯದಲ್ಲಿ ಬೆಟ್ಟದ ಮತ್ತಿಮರಗಳು 60ರ ಹತ್ತಿರ ಬರುತ್ತಿದ್ದವು. ಗಾಳಿಗೆ ತೊನೆದರೆ ಇನ್ನೂ ಮೇಲೆ. ದಕ್ಷಿಣಕ್ಕೆ ತೋಟ ಕೆಳಗಿದೆ, ಆ ಕಡೆ ಆಕಾಶ ಪೂರ್ತಿ ತೆರೆದಿತ್ತು.

ಕ್ಯಾಲೆಂಡರಿನ ಹಿಂಬದಿ ನೋಡುತ್ತಲೇ ಅರ್ಧ ಆಯ್ಕೆ ಮುಗಿಯಿತು. 108.2 ನಮ್ಮ ಮನೆಗೆ ಆಗುವಂಥದ್ದಲ್ಲ. 93.5, 95 ಎರಡೂ ಈಗ ಸಿಕ್ಕರೂ ಮರ ಬೆಳೆದ ಹಾಗೆ ಕಷ್ಟ. ಹಲಸಿನ ಮರದ ಒಂದೆರಡು ಕೊಂಬೆ ಸವರಿದರೆ ಹೇಗೆ ಎಂದು ನಾನು ಬಾಯಿ ಬಿಡುತ್ತಿದ್ದಂತೆ ಒಳಗಿನಿಂದ ಆಯಿಯ ಸ್ವರ ಬಂತು: "ಟಿ.ವಿ. ಸಲುವಾಗಿ ಹಲಸಿನ ಮರ ಕಡಿತ್ಯನಾ?" ಆ ಮರದ ಹಪ್ಪಳದ ಕಾಯಿ ಬಿಟ್ಟುಕೊಡಲು ನನಗೂ ಮನಸ್ಸಿಲ್ಲ. ಉಳಿದದ್ದು 83ರ ಟಾಟಾ ಪ್ಲೇ ಮತ್ತು 88ರ ಡಿ2ಎಚ್.

ಯಾವ ಕಂಪನಿ ಎನ್ನುವುದಕ್ಕಿಂತ ಎಲ್ಲಿ ಹೆಸರು ಬರೆಸುವುದು ಎನ್ನುವುದೇ ನನಗೆ ಹೆಚ್ಚು ಮುಖ್ಯವಾಯಿತು. ಸಹಾಯವಾಣಿಗೆ ಫೋನ್ ಮಾಡಬಹುದು, ಆನ್‌ಲೈನ್‌ನಲ್ಲಿ ಬುಕ್ ಮಾಡಬಹುದು, ಊರಿನ ರೀಚಾರ್ಜ್ ಅಂಗಡಿಯಲ್ಲಿ ಹೇಳಬಹುದು, ಶಿರಸಿ ಪೇಟೆಯ ಟಿ.ವಿ. ಅಂಗಡಿಗೆ ಹೋಗಬಹುದು. ನಾನು ಎಲ್ಲ ಕಡೆಗೂ ವಿಚಾರಿಸಿದೆ. ಫೋನಿನಲ್ಲಿ ಮಾತಾಡಿದ ಹುಡುಗಿ ಮರ್ಯಾದೆಯಿಂದಲೇ ಮಾತಾಡಿದಳು. ಪಿನ್ ಕೋಡ್ ಹೇಳಿದ ಕೂಡಲೇ "ಸೇವೆ ಲಭ್ಯವಿದೆ ಸರ್" ಎಂದಳು. ಆದರೆ 90 ಸೆಂಟಿಮೀಟರ್ ಡಿಶ್ ಸಿಗುತ್ತದೆಯೇ ಎಂದು ಕೇಳಿದರೆ ಅವಳ ಪರದೆಯಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಕಂಬ ಅಂಗಳದಲ್ಲಿ ನೆಡಬೇಕು, ಗೋಡೆಗೆ ಹೊಡೆಯುವ ಹಾಗಿಲ್ಲ ಎಂದರೂ ಅಷ್ಟೇ. ಆನ್‌ಲೈನ್‌ನಲ್ಲಿ ಬೆಲೆ ತುಸು ಕಡಿಮೆ ಕಂಡಿತು. ಅಲ್ಲಿ ಕೊಡುವ ಡಿಶ್ ಮಾಮೂಲಿ 60 ಸೆಂಟಿಮೀಟರಿನದು, ಜೋಡಿಸಲು ಬರುವವರು ಯಾರು ಎನ್ನುವುದು ಹಣ ಕಟ್ಟಿದ ಮೇಲೆಯೇ ತಿಳಿಯುವುದು. ಊರಿನ ಅಂಗಡಿಯ ತಮ್ಮನಿಗೆ ರೀಚಾರ್ಜ್ ಮಾಡಲು ಬರುತ್ತದೆ, ಡಿಶ್ ತಿರುಗಿಸಲು ಬರುವುದಿಲ್ಲ. ಅವನೇ ಅದನ್ನು ನೇರವಾಗಿ ಹೇಳಿದ, ಒಳ್ಳೆಯದಾಯಿತು.

ಶಿರಸಿ ಪೇಟೆಯ ಅಂಗಡಿಯವರು ಬೇರೆಯದೇ ಪ್ರಶ್ನೆ ಕೇಳಿದರು. ಮನೆ ಹೆಂಚಿನದೋ ಸ್ಲ್ಯಾಬೋ? ಮಂಗ ಬರುತ್ತದೆಯೋ? ಟಿ.ವಿ.ಯಿಂದ ಅಂಗಳಕ್ಕೆ ಎಷ್ಟು ಮೀಟರ್? ಮಳೆಗಾಲದಲ್ಲಿ ಬೈಕ್ ಮನೆಯವರೆಗೆ ಬರುತ್ತದೆಯೋ, ಹಳ್ಳದ ಸಂಕದಲ್ಲೇ ಬಿಡಬೇಕೋ? ನಾನು ಬರೆದುಕೊಂಡು ಹೋದ ಡಿಗ್ರಿಗಳನ್ನು ತೋರಿಸಿದೆ. ಅವರು ಕನ್ನಡಕ ಏರಿಸಿ ಓದಿ, "ಹೆಗಡೇರೇ, ಇಷ್ಟು ಗೊತ್ತಿದ್ರೆ ನಮ್ಮ ಹುಡುಗನ ಅರ್ಧ ದಿನ ಉಳೀತದೆ ಮಾರಾಯ್ರೇ" ಎಂದರು. 83ರದೂ 88ರದೂ ಎರಡೂ ಅವರಲ್ಲಿತ್ತು. ನಿಮಗೆ ಯಾವುದರ ಬಿಡಿಭಾಗ ಸದಾ ಕೈಯಲ್ಲಿರುತ್ತದೆ ಎಂದು ಕೇಳಿದೆ. 83ರ ಎಲ್‌ಎನ್‌ಬಿ (ಡಿಶ್‌ನ ಎದುರು ನಿಂತು ಸಿಗ್ನಲ್ ಹಿಡಿಯುವ ಭಾಗ), ರಿಮೋಟು, ಅಡಾಪ್ಟರು ಸದಾ ಇರುತ್ತವೆ, ಇನ್ನೊಂದಕ್ಕೆ ಹುಬ್ಬಳ್ಳಿಯಿಂದ ತರಿಸಬೇಕು ಎಂದರು. ಅಲ್ಲಿಗೆ ತೀರ್ಮಾನವಾಯಿತು.

ದರದ ವಿಚಾರಕ್ಕೆ ಜನ ಬಹಳ ತಲೆ ಕೆಡಿಸಿಕೊಳ್ಳುತ್ತಾರೆ. ಅಷ್ಟು ಬೇಕಿಲ್ಲ. 2019ರ ಫೆಬ್ರವರಿಯಿಂದ ಜಾರಿಗೆ ಬಂದ ಟ್ರಾಯ್ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ನಿಯಮದ ಪ್ರಕಾರ ಹಣದ ಚಾನೆಲ್‌ನ ಗರಿಷ್ಠ ದರವನ್ನು ಚಾನೆಲ್‌ನವರೇ ಘೋಷಿಸಬೇಕು, ಡಿಶ್ ಕಂಪನಿ ಅದರ ಮೇಲೆ ಪಡೆಯುವ ಹಾಗಿಲ್ಲ. ಬೇಕಾದ ಚಾನೆಲ್ ಒಂದೊಂದಾಗಿ ಆರಿಸಿಕೊಳ್ಳುವ ಹಕ್ಕೂ ಗ್ರಾಹಕರಿಗಿದೆ. ಕಂಪನಿಯದು ಎಂದು ಸೇರುವುದು ನೆಟ್‌ವರ್ಕ್ ಶುಲ್ಕ. ಅದು ತೆರಿಗೆ ಬಿಟ್ಟು 130 ರೂಪಾಯಿ ಮೀರಬಾರದು ಎಂದಿತ್ತು, 18 ಪರ್ಸೆಂಟ್ ಜಿಎಸ್‌ಟಿ ಸೇರಿ 153 ರೂಪಾಯಿ 40 ಪೈಸೆ. ಮೊದಲು ಅಷ್ಟಕ್ಕೆ 100 ಚಾನೆಲ್ ಇದ್ದದ್ದು 2020ರಲ್ಲಿ 200 ಆಯಿತು. 2024ರ ಜುಲೈನಲ್ಲಿ ಟ್ರಾಯ್ ಆ ಮಿತಿಯನ್ನೇ ತೆಗೆಯಿತು. ಹಾಗಾಗಿ ಈಗ ಪ್ಯಾಕ್ ಕೇಳುವಾಗ ಚಾನೆಲ್ ದರ ಎಷ್ಟು, ನೆಟ್‌ವರ್ಕ್ ಶುಲ್ಕ ಎಷ್ಟು, ತೆರಿಗೆ ಎಷ್ಟು ಎಂದು ಬಿಡಿಸಿ ಕೇಳಬೇಕು. ನಾವು ಕನ್ನಡದ ಚಾನೆಲ್‌ಗಳ ಚಿಕ್ಕ ಪ್ಯಾಕೊಂದನ್ನು ಹಿಡಿದು, ಕ್ರಿಕೆಟ್ ಇರುವ ತಿಂಗಳು ಮಾತ್ರ ಒಂದು ಕ್ರೀಡಾ ಚಾನೆಲ್ ಸೇರಿಸಿಕೊಳ್ಳುತ್ತೇವೆ. ಇಡೀ ವರ್ಷದ್ದನ್ನು ಒಟ್ಟಿಗೆ ಕಟ್ಟಿದರೆ ಲಾಭ ಎಂದು ಹೇಳುತ್ತಾರೆ. ಮೊದಲ ಮಳೆಗಾಲ ದಾಟದೆ ಕಟ್ಟಬೇಡಿ ಎನ್ನುವುದು ನನ್ನ ಮಾತು.

ಹಣ ಕೊಡುವ ಮೊದಲು ಬಿಲ್ಲಿನಲ್ಲಿ ಎರಡು ವಿಷಯ ನಿಂತು ನೋಡಿದೆ. ನೋಂದಣಿ ಮೊಬೈಲ್ ನಂಬರ್ ನನ್ನದೇ ಇರಬೇಕು. ಕೆಲವು ಕಡೆ ಅಂಗಡಿಯ ನಂಬರ್ ಹಾಕಿಬಿಡುತ್ತಾರೆ, ಆಮೇಲೆ ಪ್ಯಾಕ್ ಬದಲಿಸಲೂ ದೂರು ಕೊಡಲೂ ಅವರ ಕೈ ಕಾಯಬೇಕಾಗುತ್ತದೆ. ಎರಡನೆಯದು, ಬಾಕ್ಸು ನಮ್ಮ ಸ್ವಂತದ್ದೋ ಕಂಪನಿಯದೋ ಎನ್ನುವುದು. ಒಂದು ಕಂಪನಿಯ ಬಾಕ್ಸು ಇನ್ನೊಂದಕ್ಕೆ ಕೆಲಸ ಮಾಡುವುದಿಲ್ಲವಾದ್ದರಿಂದ ಮುಂದೆ ಬಿಡುವಾಗ ಇದು ಬೇಕಾಗುತ್ತದೆ. ಸಿಡಿಲಿಗೆ ವಾರಂಟಿ ಇಲ್ಲ ಎಂದು ಅಂಗಡಿಯವರು ಕೇಳದೆಯೇ ಹೇಳಿದರು. ಆ ಒಂದು ಮಾತಿಗೆ ನನಗೆ ಅವರ ಮೇಲೆ ವಿಶ್ವಾಸ ಬಂತು.

ಜೋಡಿಸಲು ಬಂದ ಹುಡುಗ ಕುಮಟಾ ಕಡೆಯವನು. ಅಂಗಳದ ಮೂಲೆಯಲ್ಲಿ ಪಾಗಾರದ ಪಕ್ಕ ಹಿಂದಿನ ವಾರವೇ ಜಿಐ ಪೈಪಿಗೆ ಕಾಂಕ್ರೀಟ್ ಹಾಕಿಸಿ ಇಟ್ಟಿದ್ದೆ. ಹೆಂಚಿನ ಮಾಡಿನ ಮೇಲೆ ಮತ್ತೆ ಡಿಶ್ ಕೂರಿಸುವುದು ಬೇಡವಾಗಿತ್ತು. ಗೋಡೆಗೆ ಹೊಡೆದರೆ ಮಳೆಗಾಲಕ್ಕೆ ಮುಂಚೆ ಕಟ್ಟುವ ಸೋಗೆ ತಟ್ಟಿಗೆ ಅಡ್ಡ ಬರುತ್ತದೆ. 70 ಡಿಗ್ರಿ ಮೇಲೆ ನೋಡುವ ಡಿಶ್ ಆದದ್ದರಿಂದ ಅಂಗಳದಲ್ಲೇ ಎದೆಯೆತ್ತರಕ್ಕೆ ನಿಂತರೂ ಮಾಡು ಅಡ್ಡ ಬರುವುದಿಲ್ಲ. ಮಳೆಯಲ್ಲಿ ಯಾರೂ ಏಣಿ ಹತ್ತಬೇಕಿಲ್ಲ, ನಾಯಿ ಅಲ್ಲೇ ಮಲಗುವುದರಿಂದ ಮಂಗಗಳೂ ದೂರ. ಮಾಡಿನ ಮೇಲಿದ್ದ ಹಳೆಯ ಡಿಶ್‌ನ ಕೈಗೆ ಮಂಗ ಜೋತಾಡಿ ದಿಕ್ಕು ತಪ್ಪಿಸುತ್ತಿದ್ದುದು ಈ ಸೀಮೆಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ.

90 ಸೆಂಟಿಮೀಟರ್ ಡಿಶ್ ಅಂಗಡಿಯವರು ಬೇರೆಯಾಗಿ ತರಿಸಿಕೊಟ್ಟರು, ಅದಕ್ಕೆ ಪ್ರತ್ಯೇಕ ಹಣ. 60ರದಕ್ಕೆ ಹೋಲಿಸಿದರೆ ಅದರ ವಿಸ್ತೀರ್ಣ ಎರಡೂಕಾಲು ಪಟ್ಟು. ಬಿಸಿಲಿನ ದಿನ ಎರಡರಲ್ಲೂ ಚಿತ್ರ ಒಂದೇ ಥರ ಕಾಣುತ್ತದೆ, ಮೋಸ ಹೋಗುವುದು ಇಲ್ಲೇ. ಡಿಜಿಟಲ್ ಚಿತ್ರ ಹಳೆಯ ಆಂಟೆನಾದ ಹಾಗೆ ನಿಧಾನ ಮಸುಕಾಗುವುದಿಲ್ಲ. ಒಂದು ಮಟ್ಟದವರೆಗೆ ಸ್ವಚ್ಛ, ಅದಕ್ಕಿಂತ ಕೆಳಗೆ ಇಳಿಯಿತೋ ಚೌಕ ಚೌಕ ಒಡೆದು ನಿಂತುಬಿಡುತ್ತದೆ. ಬಿಸಿಲಿನಲ್ಲಿ ಆ ಮಟ್ಟಕ್ಕಿಂತ ಎಷ್ಟು ಮೇಲಿದ್ದೇವೆ ಎನ್ನುವುದೇ ಮಳೆಗಾಲದ ಗಂಟು.

ಚಿತ್ರ ಬಂದ ಕೂಡಲೇ ಹುಡುಗ ಬೋಲ್ಟ್ ಬಿಗಿಯಲು ಹೊರಟ. ನಾನು ತಡೆದೆ. ಮೆನುವಿನಲ್ಲಿ ಸಿಗ್ನಲ್ ಸ್ಟ್ರೆಂತ್, ಸಿಗ್ನಲ್ ಕ್ವಾಲಿಟಿ ಎಂದು ಎರಡು ಪಟ್ಟಿ ಇರುತ್ತವೆ. ನೋಡಬೇಕಾದ್ದು ಕ್ವಾಲಿಟಿ. ಮಗಳು ಜಗಲಿಯ ಕಿಟಕಿಯಲ್ಲಿ ನಿಂತು ಅಂಕಿ ಕೂಗತೊಡಗಿದಳು. "ಅರವತ್ತೆಂಟು... ಎಪ್ಪತ್ತು... ಅಣ್ಣಾ, ಕಮ್ಮಿ ಆಯ್ತು, ಹಿಂದೆ ತಗೊಳ್ಳಿ!" ಅವನು ಡಿಶ್‌ನ ಅಂಚನ್ನು ಅಂಗೈಯಿಂದ ಒಂದು ನೂಲಿನಷ್ಟು ಒತ್ತುವುದು, ಕಾಯುವುದು, ಮತ್ತೆ ಒತ್ತುವುದು. ಅಂಕಿ ಬರಲು ಎರಡು ಕ್ಷಣ ತಡವಾಗುತ್ತದೆ, ಅವಸರ ಮಾಡಿದರೆ ದಾಟಿ ಹೋಗುತ್ತದೆ. ಆಮೇಲೆ ಎಲ್‌ಎನ್‌ಬಿಯನ್ನು ಅದರ ಹಿಡಿಕೆಯಲ್ಲೇ ತುಸು ಹೊರಳಿಸಿದ, ಅಲ್ಲೂ ಸ್ವಲ್ಪ ಏರಿತು. ಬೋಲ್ಟ್ ಬಿಗಿಯುವಾಗ ಇಳಿಯುತ್ತದೆ ಎಂದು ಅವನೇ ಎದುರಿನ ಬೋಲ್ಟ್‌ಗಳನ್ನು ಜೋಡಿ ಜೋಡಿಯಾಗಿ ಬಿಗಿದ. ಮೊದಲು ನಿಲ್ಲಿಸುತ್ತಿದ್ದ ಜಾಗಕ್ಕಿಂತ ಕೊನೆಗೆ ಹತ್ತಕ್ಕೂ ಹೆಚ್ಚು ಅಂಕ ಮೇಲಿತ್ತು. "ಊರಲ್ಲಿ ಇಷ್ಟು ಹೊತ್ತು ಯಾರೂ ನಿಲ್ಲೂದಿಲ್ಲ ಸರ್, ಚಿತ್ರ ಬಂದ್ರೆ ಸಾಕು ಅಂತಾರೆ" ಎಂದ. ಅವನಿಗೆ ಊಟ ಹಾಕಿಯೇ ಕಳಿಸಿದೆವು.

ಕೇಬಲ್ ಆರ್‌ಜಿ-6, ನಡುವೆ ಎಲ್ಲೂ ಜೋಡಣೆ ಇಲ್ಲದ ಒಂದೇ ತುಂಡು. ಎಲ್‌ಎನ್‌ಬಿಗೆ ತಿರುಚುವ ಜಾಗಕ್ಕೆ ರಬ್ಬರ್ ಟೇಪು ಎಳೆದು ಸುತ್ತಿದ. ಮನೆಯೊಳಗೆ ಹೋಗುವಲ್ಲಿ ಕೇಬಲನ್ನು ಒಮ್ಮೆ ಕೆಳಗೆ ಜೋತುಬಿಟ್ಟು ಮತ್ತೆ ಮೇಲೆ ತಂದ, ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಬೀಳಲಿ ಎಂದು. ಮಳೆಯ ದೂರು ಎಂದು ನಾವು ಹೇಳುವುದರಲ್ಲಿ ಬಹಳಷ್ಟು ಆಕಾಶದ ತಪ್ಪಲ್ಲ, ಕನೆಕ್ಟರಿನೊಳಗೆ ಇಳಿದ ನೀರಿನದು. ಕಾರವಾರದ ಕೋಡಿಬಾಗದಲ್ಲಿರುವ ತಂಗಿಯ ಮನೆಯಲ್ಲಿ ಇನ್ನೊಂದು ತಾಪತ್ರಯ. ಅಲ್ಲಿ ಉಪ್ಪುಗಾಳಿಗೆ ಬೋಲ್ಟ್, ಕ್ಲಾಂಪ್ ತುಕ್ಕು ಹಿಡಿದು ಕಿತ್ತುಬರುತ್ತವೆ. ಅವಳಿಗೆ ಸ್ಟೀಲ್ ಬೋಲ್ಟ್ ಕೇಳಿ ಹಾಕಿಸು, ವರ್ಷಕ್ಕೊಮ್ಮೆ ಗ್ರೀಸ್ ಹಚ್ಚಿಸು ಎಂದು ಹೇಳಿದ್ದೇನೆ.

ಮಳೆಗಾಲ ಹೇಗೆ ಹೋಯಿತು ಎನ್ನುವುದು ಮುಖ್ಯ. ಹಿಡಿದ ಮಳೆ, ದಿನವಿಡೀ ಸುರಿಯುವ ಜಿಟಿಜಿಟಿ ಮಳೆಗೆ ಚಿತ್ರ ಅಲುಗಲಿಲ್ಲ. ಮೋಡ ಒಡೆದ ಹಾಗೆ ಬಂದು ಬಡಿಯುವ ಮಳೆಗೆ ಹೋಗುತ್ತದೆ, ಅದನ್ನು ತಡೆಯುವ ಡಿಶ್ ಮನೆಗೆ ತರುವಂಥದ್ದಲ್ಲ. ಆದರೆ ಮಳೆಯ ಜೋರು ಇಳಿಯುತ್ತಿದ್ದಂತೆ ತಾನಾಗಿ ಬರುತ್ತದೆ. ಮೊದಲು ಇಡೀ ಸಂಜೆ ಹೋಗುತ್ತಿತ್ತು, ಈಗ ಆಯಿ ಎದ್ದು ಕವಳ ಹಾಕಿಕೊಂಡು ಬರುವಷ್ಟರಲ್ಲಿ ಬಂದಿರುತ್ತದೆ. "ಅಡ್ಡಿಲ್ಲೆ, ಕಾಣ್ತು" ಎಂದಳು. ಅವಳ ಬಾಯಲ್ಲಿ ಅದು ದೊಡ್ಡ ಮಾತು. ಗುಡುಗು ಶುರುವಾದರೆ ಮಾತ್ರ ಪ್ಲಗ್ಗನ್ನೂ ಕೇಬಲನ್ನೂ ಎರಡನ್ನೂ ತೆಗೆಯುತ್ತೇವೆ. ಬರೀ ಪ್ಲಗ್ ತೆಗೆದರೆ ಸಾಲದು, ಸಿಡಿಲು ಕೇಬಲ್ ಹಿಡಿದೂ ಒಳಗೆ ಬರುತ್ತದೆ. ಜುಲೈನಲ್ಲಿ ಒಮ್ಮೆ ಅಡಾಪ್ಟರು ಸತ್ತಿತು. ಅಂಗಡಿಗೆ ಫೋನ್ ಮಾಡಿದೆ, ಮರುದಿನ ಅದೇ ಹುಡುಗ ಸಂಕದ ಆಚೆ ಬೈಕ್ ನಿಲ್ಲಿಸಿ ಕಂಬಳಿಕೊಪ್ಪೆಯಲ್ಲಿ ನಡೆದು ಬಂದ.

ಸೆಪ್ಟೆಂಬರ್ ಕೊನೆಗೆ ಕೆಲವು ದಿನ ಮಧ್ಯಾಹ್ನಕ್ಕೆ ಮುಂಚೆ ಸ್ವಲ್ಪ ಹೊತ್ತು ಚಿತ್ರ ಹೋದೀತು, ಹೆದರಬೇಡಿ. ಆಗ ಸೂರ್ಯ ಉಪಗ್ರಹದ ಬೆನ್ನ ಹಿಂದೆ ಸರಿಯಾಗಿ ಬಂದು ಅದರ ಸಿಗ್ನಲ್ಲನ್ನು ಮುಳುಗಿಸುತ್ತಾನೆ. ಮಾರ್ಚ್ ನಡುವಿನಲ್ಲೂ ಹೀಗೇ ಆಗುತ್ತದೆ. ಆ ದಿನಗಳಲ್ಲಿ, ಆ ಹೊತ್ತಿಗೆ ಡಿಶ್‌ನ ಮೇಲೆ ಮರದ ನೆರಳು ಬೀಳದಿದ್ದರೆ ನಿಮ್ಮ ಆಕಾಶ ತೆರೆದಿದೆ ಎಂದರ್ಥ. ಕೋನಮಾಪಕ ಇಲ್ಲದವರು ಇದನ್ನೇ ನೋಡಿಕೊಳ್ಳಬಹುದು.

ಪಕ್ಕದ ಮನೆಯ ಭಾವಯ್ಯ ಈಗ ಡಿಶ್ ಹಾಕಿಸಲು ಹೊರಟಿದ್ದಾರೆ. ಅವರಿಗೆ ಚಂದನವೊಂದು ಬಂದರೆ ಸಾಕು, ತಿಂಗಳಿಗೆ ಹಣ ಕಟ್ಟುವ ಮನಸ್ಸಿಲ್ಲ. ಅವರಿಗೆ ಡಿಡಿ ಫ್ರೀ ಡಿಶ್ಶೇ ಸರಿ, ಒಮ್ಮೆ ಡಿಶ್, ಬಾಕ್ಸು ಕೊಂಡರೆ ಮುಗಿಯಿತು, ತಿಂಗಳ ಬಾಡಿಗೆ ಇಲ್ಲ. ಧಾರಾವಾಹಿಯ ದೊಡ್ಡ ಕನ್ನಡ ಚಾನೆಲ್‌ಗಳು ಅದರಲ್ಲಿ ಬರುವುದಿಲ್ಲ ಎಂದು ಅತ್ತಿಗೆಗೆ ಮೊದಲೇ ಹೇಳಿಟ್ಟಿದ್ದೇನೆ. ಅವರ ಮನೆ ದಿಬ್ಬದ ಮೇಲಿದೆ. ಮೊನ್ನೆ ಮಗಳು ಕೋನಮಾಪಕ ಹಿಡಿದು ಹೋಗಿ ಅಳೆದು ಬಂದಳು, ಆಗ್ನೇಯದಲ್ಲಿ 40 ಡಿಗ್ರಿಯಿಂದ ಮೇಲೆ ಏನೂ ಅಡ್ಡವಿಲ್ಲ. ಕಂಬಕ್ಕೆ ಕಾಂಕ್ರೀಟ್ ಈ ವಾರ ಹಾಕುತ್ತಾರೆ.